ಚೀಲದ ತಳದ ಗಂಟು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಆ ವರ್ಷ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಯಾರ ಮೇಲೆ ಎಂದು ಕೇಳಿದರೆ ಥಟ್ಟನೆ ಹೇಳಲಾರೆ. ಆಯಿಯ ಮೇಲೆ ಅನ್ನೋಣವೆಂದರೆ ಆಕೆ ನಮ್ಮನ್ನು ಸಾಕಿದವಳು. ಕಾಕಾನ ಮೇಲೆ ಅನ್ನೋಣವೆಂದರೆ ಅವನು ಹೋಟೆಲಿನಲ್ಲಿ ಕೇಳಿದ್ದನ್ನು ಮನೆಗೆ ತಂದು ಹೇಳಿದ, ಅಷ್ಟೇ. ಕೊನೆಗೆ ಉಳಿಯುವವನು ಸಮುದ್ರದಾಚೆ ಯಾವುದೋ ಊರಿನಲ್ಲಿ ಬಸುರಿ ಹೆಂಗಸಿನ ಕೈಗೆ ಬಾಂಬಿನ ಚೀಲ ಕೊಟ್ಟು, ಆಕೆಗೇ ತಿಳಿಯದಂತೆ ಆಕೆಯನ್ನು ವಿಮಾನ ಹತ್ತಿಸಹೋದ ಗಂಡಸು. ಚೀಲ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿತ್ತು. ಬಾಂಬು ಸಿಡಿಯಲಿಲ್ಲ, ಯಾರೂ ಸಾಯಲಿಲ್ಲ, ಅವನಿಗೆ ಜೈಲಾಯಿತು. ಅವನ ಹೆಸರು ಕೂಡ ನನಗೆ ನೆನಪಿಲ್ಲ.

ಎಂಬತ್ತರ ದಶಕದ ಮಾತು. ಜಹೀರಾಬಾದಿನಿಂದ ಪಸ್ತಾಪುರ ದಾಟಿ ಇನ್ನೂ ಒಳಗೆ ಹೋದರೆ ನಮ್ಮೂರು. ಮನೆಯಲ್ಲಿ ಕುರಿ, ಹೊಲದಲ್ಲಿ ಜೋಳ. ಅಪ್ಪ ಅವ್ವ ಇಬ್ಬರೂ ಬೇಗ ಹೋದ ಮೇಲೆ ನನ್ನನ್ನೂ ಅಕ್ಕನನ್ನೂ ನೋಡಿಕೊಂಡವಳು ಆಯಿ, ಎಂದರೆ ಅಪ್ಪನ ತಾಯಿ. ಕುರಿ, ಹೊಲ, ಸಂತೆಯ ಉಸಾಬರಿ ಎಲ್ಲ ಅಪ್ಪನ ತಮ್ಮನದು, ನಮ್ಮ ಕಾಕಾನದು. ನಾನು ಜಹೀರಾಬಾದಿಗೆ ಬಸ್ಸಿನಲ್ಲಿ ಹೋಗಿ ಇಂಟರ್ ಓದುತ್ತಿದ್ದೆ. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ತೆಲುಗು, ಬಸ್ ಸ್ಟ್ಯಾಂಡಿನಲ್ಲಿ ಉರ್ದು. ಯಾವುದೂ ಪೂರ್ತಿ ಬಾರದಿದ್ದರೂ ಮೂರರಲ್ಲೂ ಜಗಳ ಆಡಬಲ್ಲವಳಾಗಿದ್ದೆ.

ಅಕ್ಕನನ್ನು ತಾಂಡೂರಿಗೆ ಕೊಟ್ಟಿತ್ತು. ಭಾವ ಅಲ್ಲಿ ಹಾಸುಗಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದರು. ಕಲ್ಲು ಸೀಳುವುದು ಉಳಿ ಸುತ್ತಿಗೆಯಿಂದಲೇ, ಆದರೆ ಮೇಲಿನ ಗಟ್ಟಿ ಪದರ ಎಬ್ಬಿಸಲು ತೂತು ಕೊರೆದು ಮದ್ದು ತುಂಬಿ ಸಿಡಿಸುತ್ತಿದ್ದರು. ಹಾಗೆ ಮದ್ದು ತುಂಬುವವರಲ್ಲಿ ಭಾವನೂ ಒಬ್ಬರು. ಮಾತು ತೀರಾ ಕಡಿಮೆ. ಅವರ ತಾಯಿ ಮದುವೆಗೆ ಮುಂಚೆಯೇ ತೀರಿದ್ದರಿಂದ ಮನೆಯಲ್ಲಿ ಹೆಣ್ಣು ದಿಕ್ಕು ಎಂದರೆ ಅಕ್ಕ ಒಬ್ಬಳೇ. ನಾನು ಹೋದಾಗಲೆಲ್ಲ ಇಬ್ಬರೂ ಬಾಗಿಲ ಕಲ್ಲಿನ ಮೇಲೆ ಕೂತು ಸುಮ್ಮನೆ ಶೇಂಗಾ ಸುಲಿಯುತ್ತಿದ್ದರು. "ಏನ್ರೀ ಇದು, ಮೂಗರ ಮನಿ ಆಗ್ಯದ!" ಎಂದು ನಾನು ಗೇಲಿ ಮಾಡಿದರೆ ಭಾವ ನಗುತ್ತಿದ್ದರು, ಅಕ್ಕ ನನ್ನ ಬೆನ್ನಿಗೊಂದು ಗುದ್ದುತ್ತಿದ್ದಳು. ಚೆನ್ನಾಗಿದ್ದರು. ಇದನ್ನು ಮೊದಲೇ ಹೇಳಿಬಿಡಬೇಕು.

ಮದ್ದು ಎಂಬ ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಕಡೆ ಮದ್ದು ಎರಡು ಥರ. ಖಣಿಯಲ್ಲಿ ತುಂಬುವುದು, ದೀಪಾವಳಿಗೆ ಮಕ್ಕಳು ಸುಡುವುದು ಒಂದು ಮದ್ದು. ಅನ್ನದಲ್ಲೋ ಪೇಢೆಯಲ್ಲೋ ಬೆರೆಸಿ ಆಗದವರಿಗೆ ಗುಟ್ಟಾಗಿ ತಿನ್ನಿಸುವುದು ಇನ್ನೊಂದು. ಅದು ಹೊಟ್ಟೆಗೆ ಹೋದವರು ಬಣಬಣ ಒಣಗಿ ಸಾಯುತ್ತಾರೆ, ಬಸುರಿಯಾದರೆ ಬಸುರು ನಿಲ್ಲುವುದಿಲ್ಲ ಎಂದು ಆಯಿಯಂಥವರು ಗಟ್ಟಿಯಾಗಿ ನಂಬಿದ್ದರು. ಯಾರಾದರೂ ಸೊರಗಿದರೆ ಸಾಕು, "ಮದ್ದು ಹಾಕ್ಯಾರ" ಎಂದು ಕಂಗ್ಟಿ ಕಡೆಯ ಮದ್ದು ತೆಗೆಯುವವರ ಹತ್ತಿರ ಕರೆದೊಯ್ಯುತ್ತಿದ್ದರು. ಎರಡಕ್ಕೂ ಹೆಸರು ಒಂದೇ. ಆಡುವವರಿಗೆ ಯಾವ ಮದ್ದು ಎಂದು ಸಂದರ್ಭದಲ್ಲೇ ತಿಳಿಯುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಾಗ ಅಕ್ಕನಿಗೆ ಏಳು ತಿಂಗಳು ತುಂಬಿತು. ಚೊಚ್ಚಲು ತವರಿನಲ್ಲೇ ಆಗಬೇಕು. ನಾನೂ ಕಾಕಾನೂ ತಾಂಡೂರಿಗೆ ಹೋಗಿ, ಸೀಮಂತಕ್ಕೆಂದು ಕುಬಸದ ಸೀರೆ ಉಡಿಸಿ, ಉಡಿ ತುಂಬಿಸಿ ಆಕೆಯನ್ನು ಕರೆದುಕೊಂಡು ಹೊರಟೆವು. ಭಾವ ಸ್ಟೇಶನ್ನಿಗೆ ಬಂದರು. ಕಾಕಾ ಟಿಕೆಟಿಗೆ ಹೋಗಿದ್ದಾಗ ಕೈಯಲ್ಲಿದ್ದ ಕಂದು ರೆಕ್ಸಿನ್ ಚೀಲವನ್ನು ಅಕ್ಕನ ಕೈಗೆ ಕೊಟ್ಟರು. ನಾನು ಪಕ್ಕದಲ್ಲೇ ಇದ್ದೆ.

"ತಳದಾಗ ಒಂದ್ ಗಂಟು ಅದ," ಎಂದರು. "ಹಡಿಯೋತನ ಬಿಚ್ಚಬ್ಯಾಡ. ಆಯಿಗಿ ತೋರಸಬ್ಯಾಡ."

"ಏನದ ರೀ ಅದ್ರಾಗ?"

"ಇರ್ಲಿ ಬಿಡು. ಆಮ್ಯಾಲ ತಿಳೀತದ." ಕಿವಿಯ ತನಕ ಕೆಂಪಾಗಿ ಆಚೆ ತಿರುಗಿದರು.

ಗಾಡಿ ಧಾರೂರಿನಲ್ಲಿ ನಿಂತಾಗ ನಾನು ಚೀಲಕ್ಕೆ ಕೈ ಹಾಕಿದೆ. ಅಕ್ಕ ಪಟ್ಟನೆ ಹೊಡೆದಳು. "ಬ್ಯಾಡ ಅಂದಾರಲ್ಲ? ನಿಂದೇನ್ ಗಡಿಬಿಡಿ?" ಎಂದು ಚೀಲವನ್ನು ಹೊಟ್ಟೆಗೆ ಅವಚಿಕೊಂಡು ವಿಕಾರಾಬಾದಿನ ತನಕ ನಗುತ್ತಲೇ ಕೂತಳು. ಅಲ್ಲಿ ಗಾಡಿ ಬದಲಿಸುವಾಗಲೂ ಯಾರ ಕೈಗೂ ಕೊಡಲಿಲ್ಲ.

ಆ ವಿಮಾನದ ಸುದ್ದಿ ಬೇಸಿಗೆಯಲ್ಲೇ ಒಮ್ಮೆ ಬಂದು ಹೋಗಿತ್ತು. ಆಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ದಸರೆಯ ಹೊತ್ತಿಗೆ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು ನೋಡಿ, ಎಲ್ಲರಿಗೂ ಕಿವಿ ಬಂತು. ಜಹೀರಾಬಾದ್ ಬಸ್ ಸ್ಟ್ಯಾಂಡಿನ ಎದುರಿನ ಚಹಾ ಹೋಟೆಲಿನಲ್ಲಿ ಒಬ್ಬರು ಹೈದರಾಬಾದಿನಿಂದ ಬರುವ ಉರ್ದು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು, ಓದು ಬರದವರು ಸುತ್ತ ಕೂತು ಕೇಳುತ್ತಿದ್ದರು. ಪೇಪರಿನಲ್ಲಿ ಬಾರೂದ್ ಎಂದಿತ್ತು. ಕಾಕಾ ಅದನ್ನು ಕನ್ನಡ ಮಾಡಿಕೊಂಡು ಮನೆಗೆ ತಂದ.

"ಒಬ್ಬಾಂವ ತನ್ನ ಬಸುರಿ ಹೆಂಗಸಿನ ಚೀಲದಾಗ ಮದ್ದು ಇಟ್ಟಾನಂತ ಅವ್ವಾ," ಎಂದು ಅಂಗಳದಲ್ಲೇ ಶುರು ಮಾಡಿದ. "ತಳದಾಗ ಮುಚ್ಚಿ ಇಟ್ಟಾನ. ಆಕಿಗಿ ಖಬರೇ ಇಲ್ಲ."

ಆಯಿ ಮೊರ ಕೆಳಗಿಟ್ಟಳು. "ಅಯ್ಯ, ಅವನ ಕೈ ಸೇದಿ ಹೋಗ್ಲಿ! ಬಸುರಿಗಿ ಮದ್ದು ಹಾಕ್ಯಾನ?"

"ಆಕಿಗಿ ಹಾಕಿಲ್ಲ. ಚೀಲದಾಗ ಇಟ್ಟಾನ. ಇಮಾನ ಸುಡಾಕ."

"ಇಮಾನ ಸುಡಾಕ ಬಸುರಿ ಯಾಕ ಬೇಕು? ಸುಳ್ಳ ಹೇಳಬ್ಯಾಡ. ಬಸುರು ಇಳಸಾಕ ಇಟ್ಟಿರ್ತಾನ. ಇಮಾನ ಅಂಬೋದು ನೆವ."

ಕಾಕಾ ಹಣೆ ಹಣೆ ಬಡಿದುಕೊಂಡ. ನಾನು ಬಿದ್ದು ಬಿದ್ದು ನಕ್ಕೆ. ಆಯಿ ಮಾತ್ರ ಊರೆಲ್ಲ ತಿರುಗಿ ಹೆಂಗಸರಿಗೆ ತನ್ನ ಕಥೆಯನ್ನೇ ಹೇಳಿದಳು. ಗಂಡಸರು ಒಂದು ಮದ್ದಿನ ಮಾತಾಡುತ್ತಿದ್ದರು, ಹೆಂಗಸರು ಇನ್ನೊಂದು ಮದ್ದಿನ ಮಾತಾಡುತ್ತಿದ್ದರು. ಇಬ್ಬರೂ ಒಂದೇ ಮಾತು ಆಡುತ್ತಿದ್ದೇವೆಂದೇ ತಿಳಿದಿದ್ದರು.

ಆಮೇಲಿನದು ಬರೀ ಬಾಯಿ. ಆ ಹೆಂಗಸಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ, ಚೀಲದ ಭಾರ ತಿಳಿಯುವುದಿಲ್ಲವೇ ಎಂದು ಹೋಟೆಲಿನಲ್ಲಿ ವಾದವಂತೆ. ಕಟ್ಟಿಕೊಳ್ಳುವವನು ಕೈಗೆ ಕೊಟ್ಟದ್ದನ್ನು ಯಾವಳು ತೂಕ ಮಾಡುತ್ತಾಳೆ ಎಂದು ನಮ್ಮ ಬೋರಿಂಗಿನ ಹತ್ತಿರ ನೀರಿಗೆ ಬಂದವರ ವಾದ. ಕಂಗ್ಟಿಯಿಂದ ನಾರಾಯಣಖೇಡದ ಬಸ್ಸು ಹಿಡಿದು ಬಂದ ನೆಂಟಳೊಬ್ಬಳು ಆ ವಿಮಾನ ಹೈದರಾಬಾದಿನಿಂದಲೇ ಹೊರಟಿತ್ತು, ಖೇಡದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದಾರೆ ಎಂದು ಆಣೆ ಮಾಡಿ ಹೇಳಿದಳು. ಯಾವ ದೇಶದವನು, ಯಾರ ಕಡೆಯವನು, ಯಾರ ವಿಮಾನ ಎಂದು ಪೇಟೆಯಲ್ಲಿ ಜಗಳವೇ ಆಗಿತ್ತಂತೆ. ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಅದೆಲ್ಲ ದಾರಿಯಲ್ಲೇ ಉದುರಿಹೋಗಿ ಗಂಡ, ಬಸುರಿ, ಚೀಲ ಇಷ್ಟೇ ಉಳಿದಿದ್ದವು.

ನಮ್ಮ ಮನೆಯಲ್ಲಿ ಒಬ್ಬ ಬಸುರಿ ಇದ್ದಳು. ಆಕೆಯ ಗಂಡ ಮದ್ದಿನ ಕೆಲಸದವನು. ಆಕೆ ಚೀಲ ಹಿಡಿದುಕೊಂಡು ಬಂದಿಳಿದದ್ದನ್ನು ಊರೆಲ್ಲ ನೋಡಿತ್ತು.

"ಏನವ್ವಾ, ನಿನ್ ಗಂಡ ಕೊಟ್ಟ ಚೀಲ ಛಂದ ನೋಡ್ಕೊಂಡಿಯಿಲ್ಲ?" ಎಂದು ಒಬ್ಬಳು ಕೊಡ ಎತ್ತುತ್ತ ಕೇಳಿದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಮಾರನೇ ದಿನ ಇನ್ನೊಬ್ಬಳು ಅದನ್ನೇ ಕೇಳಿದಳು. ನಗು ಅಷ್ಟು ಜೋರಾಗಿ ಬರಲಿಲ್ಲ. ಆಮೇಲೆ ನಗದೆಯೂ ಕೇಳತೊಡಗಿದರು. ನನ್ನ ಮೈ ಉರಿದುಹೋಗುತ್ತಿತ್ತು. "ನಿಮ್ಮ ನಿಮ್ಮ ಗಂಡದೇರ ಕಿಸೆ ನೋಡ್ಕೋರಿ ಹೋಗ್ರಿ ಮೊದಲ!" ಎಂದು ಒಂದು ದಿನ ಬೋರಿಂಗಿನ ಹತ್ತಿರವೇ ಕೂಗಾಡಿದೆ. ಕೂಗಾಡಿದ್ದರಿಂದ ಏನೋ ಇದೆ ಎಂದೇ ಆಯಿತು.

ದಸರೆಗೆ ಭಾವ ಬರಬೇಕಿತ್ತು. ಬನ್ನಿ ಕೊಡಲು ಅಳಿಯ ಬರುವುದು ನಮ್ಮಲ್ಲಿ ರೂಢಿ, ಅದರಲ್ಲೂ ಹೆಂಡತಿ ತವರಿನಲ್ಲಿ ಇರುವಾಗ. ಅಕ್ಕ ಕುಬಸದ ಸೀರೆಯನ್ನೇ ಉಟ್ಟು ಸಂಜೆಯ ತನಕ ಬಾಗಿಲಲ್ಲಿ ಕೂತಳು. ಬರಲಿಲ್ಲ. ಮಳೆ ನಿಂತ ಮೇಲೆ ಖಣಿಯಲ್ಲಿ ನೀರು ಇಳಿದು ಕೆಲಸದ ಜೋರು ಶುರು, ಮಾಲಕ ರಜೆ ಕೊಟ್ಟಿರಲಿಕ್ಕಿಲ್ಲ ಎಂದು ಕಾಕಾ ಸಮಾಧಾನ ಹೇಳಿದ. ಆಯಿ ಅಕ್ಕನ ಹೊಟ್ಟೆ ನೋಡಿದಳು. ಆ ನೋಟ ನನಗೆ ಸೇರಲಿಲ್ಲ.

ದಸರೆ ದೀಪಾವಳಿಗಳ ನಡುವೆ ಒಂದು ದಿನ ಬೆಳಿಗ್ಗೆ ಕಾಕಾ ಸಂತೆಯ ದಾರಿಯಿಂದಲೇ ಕೂಗುತ್ತ ಬಂದ. ತೀರ್ಪಾಗಿತ್ತು. ಆ ಗಂಡಸು ಮುದುಕನಾಗುವ ತನಕ ಹೊರಗೆ ಬರದಷ್ಟು ಶಿಕ್ಷೆ. ಹೋಟೆಲಿನಲ್ಲಿ ಎಲ್ಲರೂ ಭೇಷ್ ಅಂದರಂತೆ, ಕೆಲವರು ಫಾಸಿಯೇ ಕೊಡಬೇಕಿತ್ತು ಅಂದರಂತೆ. ಕಾಕಾನಿಗೆ ತಾನೇ ಕೋರ್ಟಿನಲ್ಲಿ ಗೆದ್ದು ಬಂದಷ್ಟು ಖುಷಿ.

"ಮತ್ತ ಆಕಿ?" ಎಂದಳು ಅಕ್ಕ.

"ಯಾರು?"

"ಆ ಹೆಣ್ಣು. ಆಕಿ ಏನ್ ಮಾಡ್ತಾಳ ಈಗ?"

"ಆಕಿಗೇನಾಗ್ಯದ? ಹಡದಾಳಂತ. ಕೂಸು ಛಲೋ ಅದ. ಕೋರ್ಟಿಗಿ ಬಂದು ಅವನ ಮುಂದೇ ಎಲ್ಲಾ ಹೇಳ್ಯಾಳಂತ."

"ಒಂದ್ ಸಲ ತಳಾ ನೋಡಿದ್ರ ತಿಳೀತಿತ್ತಲ್ಲ ಆಕಿಗಿ," ಎಂದಳು ಅಕ್ಕ. ತನಗೇ ಹೇಳಿಕೊಂಡಂತಿತ್ತು.

ಆಯಿಗೆ ಕಿವಿ ಮಂದ, ಆದರೆ ಇಂಥವು ಕೇಳಿಸುತ್ತವೆ. "ನಿನ್ನ ಚೀಲದಾಗ ಏನದ?" ಎಂದು ನೇರ ಕೇಳಿದಳು.

ಅಕ್ಕ ಸುಳ್ಳು ಹೇಳಲಾರದವಳು. ಎಲ್ಲ ಹೇಳಿಬಿಟ್ಟಳು. ಗಂಟು ಇದೆ, ಹಡೆಯುವ ತನಕ ಬಿಚ್ಚಬೇಡ ಅಂದಿದ್ದಾರೆ, ಆಯಿಗೆ ತೋರಿಸಬೇಡ ಅಂದಿದ್ದಾರೆ. ಹೇಳುತ್ತ ಹೇಳುತ್ತ ಆಕೆಯ ಮುಖವೇ ಬದಲಾಯಿತು. ತಾಂಡೂರಿನಲ್ಲಿ ಮುದ್ದಾಗಿ ಕೇಳಿಸಿದ್ದ ಮಾತು ನಮ್ಮ ಅಂಗಳದಲ್ಲಿ ಹಾಗೆ ಕೇಳಿಸಲಿಲ್ಲ. ನನಗೂ ಹಾಗೆ ಕೇಳಿಸಲಿಲ್ಲ, ಆ ಸಂಕಟ ಬೇರೆ.

ಕಾಕಾ ಚೀಲ ತಂದ. ಮೇಲಿನ ಸೀರೆ ಕುಪ್ಪಸ ತೆಗೆದು ಗಂಟನ್ನು ಎರಡೇ ಬೆರಳಲ್ಲಿ ಎತ್ತಿದ. ಗೋಣಿತಟ್ಟಿನ ತುಂಡಿನಲ್ಲಿ ಸುತ್ತಿ ಸುತಳಿಯಿಂದ ಬಿಗಿದಿತ್ತು. ಅಲುಗಿಸಿದರೆ ಒಳಗೆ ಏನೋ ಕಿಣಿಕಿಣಿ ಎಂದಿತು. ಮೂಗಿನ ಹತ್ತಿರ ಹಿಡಿದ.

"ಮದ್ದಿನ ವಾಸನಿ ಅದ," ಎಂದ.

ನಿಜವೇ. ನಾನೂ ಮೂಸಿದೆ. ಖಣಿಯ ಗೋಣಿಯಲ್ಲಿ ಖಣಿಯ ವಾಸನೆ ಬಾರದೆ ಮಲ್ಲಿಗೆಯ ವಾಸನೆ ಬರುತ್ತದೆಯೇ? "ಹಂಗಾದ್ರ ಬಿಚ್ಚಿ ನೋಡ್ರಿ!" ಎಂದು ಕೂಗಿದೆ. "ನೋಡಿದ್ರ ತೀರಿ ಹೋತಲ್ಲ!"

"ಏ ಹುಚ್ಚಿ, ಬಿಚ್ಚಿದ್ರ ಸಿಡೀತದ," ಎಂದ ಕಾಕಾ.

"ಬಿಚ್ಚಬ್ಯಾಡ್ರೋ," ಎಂದಳು ಆಯಿ, "ಮದ್ದು ಬಸುರಿ ಕಣ್ಣಿಗಿ ಬಿದ್ರ ಕೂಸು ಉಳಿಯಂಗಿಲ್ಲ."

ಇಬ್ಬರಿಗೂ ಒಂದೇ ಮಾತಿನ ಹೆದರಿಕೆ. ಒಬ್ಬನದು ಒಂದು ಮದ್ದು, ಒಬ್ಬಳದು ಇನ್ನೊಂದು. ಆದರೆ ಬಿಚ್ಚಬಾರದು ಎಂಬುದರಲ್ಲಿ ಇಬ್ಬರೂ ಒಂದಾದರು. ಏನು ಮಾಡಬೇಕು ಎಂಬುದರಲ್ಲೂ ಒಂದಾದರು. ಖಣಿಯ ಮದ್ದೂ ನೀರಿನಲ್ಲಿ ಸಾಯುತ್ತದೆ, ಮಾಟದ ಮದ್ದನ್ನೂ ನೀರಿಗೇ ಹಾಕುತ್ತಾರೆ. ಕುರಿ ನೀರು ಕುಡಿಯುವ ಕಲ್ಲಿನ ದೋಣಿ ಹಿತ್ತಲಲ್ಲಿತ್ತು. ಕಾಕಾ ಗಂಟು ಹಿಡಿದು ಅತ್ತ ತಿರುಗಿದ.

ಅಕ್ಕ ಎದ್ದಳು. ಎರಡು ಕೈ ಗೋಡೆಗೆ ಕೊಟ್ಟು ಏಳಬೇಕಾದಷ್ಟು ದಿನ ತುಂಬಿದ್ದವು. "ಕೊಡ್ರಿ ಕಾಕಾ," ಎಂದಳು. "ನನ್ನ ಕೈಯಾಗ ಕೊಟ್ಟಾರ. ನಾನೇ ಹಾಕ್ತೀನಿ."

"ಅಕ್ಕಾ, ನಿನಗ ತಲಿ ಕೆಟ್ಟದೇನ? ಭಾವ ಎಂಥವರು ಅಂತ ನಿನಗ ಗೊತ್ತಿಲ್ಲೇನ?" ನಾನು ಆಕೆಯ ರಟ್ಟೆ ಹಿಡಿದೆ.

"ಆ ಇಮಾನದ ಹೆಣ್ಣಿಗೂ ಗೊತ್ತಿತ್ತು," ಎಂದಳು. ರಟ್ಟೆ ಬಿಡಿಸಿಕೊಂಡು ಹೋದಳು. ಗಂಟನ್ನು ದೋಣಿಯ ತಳಕ್ಕೆ ಒತ್ತಿ, ಮೇಲೆ ಬರದಂತೆ ಒಂದು ಕಲ್ಲು ಹೇರಿದಳು. ಒಂದಷ್ಟು ಗುಳ್ಳೆ ಬಂದವು. ಆಕೆ ಅಲ್ಲಿಂದ ಕದಲದೆ ನಿಂತಳು, ನಾನೇ ಒಳಗೆ ಕರೆತಂದೆ.

ದಿನವಿಡೀ ನೆನೆಯಲು ಬಿಟ್ಟರು. ಸಂಜೆ ಕುರಿ ಮೇದು ಬಂದರೆ ಕಾಕಾ ಅವನ್ನು ದೋಣಿಯ ಹತ್ತಿರ ಬಿಡಲಿಲ್ಲ, ಪಾಪ ಅವು ಒದರಿ ಒದರಿ ಸಾಕಾದವು. ಆಮೇಲೆ ಕುರಿ ಹಿಡಿಯುವ ಉದ್ದನೆಯ ಕೋಲಿನಿಂದ ಗಂಟು ಎತ್ತಿ ಹಿತ್ತಲಿನ ಮಣ್ಣಿಗೆ ಹಾಕಿ, ದೂರದಿಂದಲೇ ಕುಡುಗೋಲು ತಾಗಿಸಿ ಸುತಳಿ ಕತ್ತರಿಸಿದ. ಗಂಟಿನಿಂದ ಇಳಿದ ನೀರೆಲ್ಲ ಕೆಂಪಾಗಿತ್ತು. ರಕ್ತ ಎಂದು ಆಯಿ ಚೀರಿದಳು.

ರಕ್ತವಲ್ಲ, ಬಣ್ಣ. ಗೋಣಿಯೊಳಗೆ ಒಂದು ಕುಂಚಿಗಿ ಇತ್ತು. ಎಳೆ ಕೂಸಿಗೆ ತಲೆಯಿಂದ ಬೆನ್ನಿನ ತನಕ ಹೊದಿಸುತ್ತೇವಲ್ಲ, ಅದು. ಕೆಂಪು ರೇಶಿಮೆ, ಅಂಚಿಗೆ ಕನ್ನಡಿ ಚೂರು, ಕುತ್ತಿಗೆಯ ಹತ್ತಿರ ಸಣ್ಣ ಗೆಜ್ಜೆ. ತುಂಬ ಹಳೆಯದು. ಎಷ್ಟು ಹಳೆಯದೆಂದರೆ ಆಯಿ ಎತ್ತಿಕೊಳ್ಳಲು ಹೋದಾಗ ಕೈಯಲ್ಲೇ ಎಳೆ ಎಳೆಯಾಗಿ ಹರಿದು ಬಂತು.

ಆಯಿ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಯಾಕೆ ತನಗೆ ತೋರಿಸಬೇಡ ಎಂದಿದ್ದರು ಎಂಬುದು ಆಕೆಗೆ ಯಾರೂ ಹೇಳಬೇಕಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕೂಸಿನ ಒಂದು ನೂಲೂ ಮನೆಗೆ ಬರಬಾರದು ಎಂದು ಅಳಿಯನಿಗೆ ಮದುವೆಯ ವರ್ಷವೇ ತಾಕೀತು ಮಾಡಿದವಳು ಆಕೆಯೇ.

ಅಕ್ಕ ಅಳಲಿಲ್ಲ. ಚೂರುಗಳನ್ನು ಒಂದೊಂದಾಗಿ ಹಿಂಡಿ ಹಿತ್ತಲ ಗೋಡೆಯ ಕಲ್ಲುಗಳ ಮೇಲೆ ಹರವಿದಳು. ಒಣಗಿದ ಮೇಲೂ ತೆಗೆಯಲಿಲ್ಲ. ತೆಗೆಯೋಣವೆಂದು ನಾನು ಹೋದರೆ, "ಇರ್ಲಿ, ಅವರು ನೋಡ್ಲಿ," ಎಂದಳು.

ದೀಪಾವಳಿಗೆ ಭಾವ ಬಂದರು. ಓಣಿಯಲ್ಲಿ ಮಕ್ಕಳು ಮದ್ದು ಸುಡುತ್ತಿದ್ದರು, ಹೊಗೆಯೊಳಗಿಂದ ನಗುತ್ತಲೇ ಬಂದು ಆಯಿಯ ಕಾಲಿಗೆ ಬಿದ್ದರು. ದಸರೆಯ ಬನ್ನಿ ಒಣಗಿ ಪುಡಿಯಾಗಿ ಇನ್ನೂ ಕಿಸೆಯಲ್ಲೇ ಇತ್ತು, ಅದನ್ನೇ ಕಾಕಾನ ಕೈಗೆ ಕೊಟ್ಟರು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ನೋಡಹೋದೆ. ಗೋಡೆಯ ಮುಂದೆ ನಿಂತಿದ್ದರು. ಒಂದು ಚೂರು ಕೈಯಲ್ಲಿತ್ತು.

"ಯಾರು ತೋಯ್ಸಿದ್ರು?" ಎಂದರು.

ಅಷ್ಟರಲ್ಲಿ ಎಲ್ಲರೂ ಹಿತ್ತಲಿಗೆ ಬಂದಿದ್ದರು. ಕಾಕಾ ಗಂಟಲು ಸರಿಮಾಡಿಕೊಂಡು ವಿಮಾನದಿಂದ ಶುರು ಮಾಡಿದ. ಕೋರ್ಟು, ಬಸುರಿ ಹೆಂಗಸು, ಚೀಲದ ತಳ. ಭಾವ ಕೈ ಎತ್ತಿ ನಿಲ್ಲಿಸಿದರು.

"ಗೊತ್ತದ್ರಿ ಕಾಕಾ. ನಮ್ಮ ಖಣ್ಯಾಗೂ ಪೇಪರ್ ಓದ್ತಾರ. ನಿನ್ ಹೆಂಡ್ತಿ ಚೀಲ ನೋಡ್ಕೊಂಡಾಳೇನೋ ಅಂತ ಎಲ್ಲಾರೂ ನಕ್ಕಾರ. ಆಕಿ ಅಂಥಾಕಿ ಅಲ್ಲ, ನಾ ಬ್ಯಾಡ ಅಂದೀನಿ, ಆಕಿ ಬಿಚ್ಚಂಗಿಲ್ಲ ಅಂತ ನಾ ಹೇಳೀನಿ."

"ಬಿಚ್ಚಿಲ್ಲ ರೀ," ಎಂದಳು ಅಕ್ಕ. "ಬಿಚ್ಚದೇ ನೀರಿಗಿ ಹಾಕೀನಿ. ನಾನೇ ಹಾಕೀನಿ."

ಭಾವ ಅವಳನ್ನು ನೋಡಿದರು. "ನಮ್ಮವ್ವ ಹೊಲದಿದ್ದು," ಎಂದರು. "ನಾ ತೊಟ್ಟಿದ್ದು. ಆಕಿದು ಅಂತ ನನ್ನ ಹತ್ರ ಇದೊಂದೇ ಇತ್ತು."

ಜಗಳ ಆಗಲಿಲ್ಲ. ಆಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಬೈದಿದ್ದರೆ, ಚೀಲ ಬಿಸಾಡಿದ್ದರೆ ಅಕ್ಕನೂ ತಿರುಗಿ ಏನಾದರೂ ಅಂದು ಹೊಟ್ಟೆ ಹಗುರ ಮಾಡಿಕೊಳ್ಳುತ್ತಿದ್ದಳೇನೋ. ಭಾವ ಹೋಳಿಗೆ ಉಂಡರು, ಆಯಿ ಕಣ್ಣೀರು ಹಾಕಿದಾಗ "ಇರ್ಲಿ ಬಿಡ್ರಿ ಆಯಿ, ಹಳೀದಿತ್ತು," ಎಂದರು, ಮಾರನೇ ದಿನ ತಾಂಡೂರಿಗೆ ಹೋದರು. ಹೋಗುವಾಗ ಗೆಜ್ಜೆಗಳನ್ನು ಬಿಡಿಸಿ ಕಿಸೆಗೆ ಹಾಕಿಕೊಂಡರು, ಖಾಲಿ ಚೀಲವನ್ನೂ ಒಯ್ದರು.

ಅಕ್ಕನಿಗೆ ಹೆಣ್ಣು ಹುಟ್ಟಿತು. ದುಂಡುದುಂಡಗೆ, ಆರೋಗ್ಯವಾಗಿ. ತೊಟ್ಟಿಲಿಗೆ ಹಾಕುವ ದಿನ ಭಾವ ಅದೇ ಕಂದು ಚೀಲ ತುಂಬಿಕೊಂಡು ಬಂದರು. ಅಂಗಳ ತುಂಬ ಹೆಂಗಸರು. ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಅಕ್ಕ ಕೂಸನ್ನು ಎತ್ತಿಕೊಂಡು ಕೂತಿದ್ದ ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚೀಲದ ಬಾಯಿ ತೆರೆದರು.

"ಇದು ಸಕ್ರಿ," ಎಂದು ಪೊಟ್ಟಣ ಬಿಚ್ಚಿ ತೋರಿಸಿದರು. "ಇದು ಕೊಬ್ರಿ. ಇದು ಖಾರೀಕ. ಇದು ಕೂಸಿನ ಅಂಗಿ." ಅಂಗಿಯನ್ನು ತಿರುಗಿಸಿ ಒಳಗಿನ ಹೊಲಿಗೆಯನ್ನೂ ತೋರಿಸಿದರು. ಅದರ ಕೊರಳಿಗೆ ಆ ಗೆಜ್ಜೆಗಳಿದ್ದವು. ಹೆಂಗಸರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು.

"ಸಾಕ್ರಿ," ಎಂದಳು ಅಕ್ಕ. "ನಿಮ್ಮ ಕಾಲಿಗಿ ಬೀಳ್ತೀನಿ, ಸಾಕ್ರಿ."

ಭಾವನ ಮಾತಿನಲ್ಲಿ ವ್ಯಂಗ್ಯವಿದೆಯೇ ಎಂದು ನಾನು ಅವರ ಮುಖ ನೋಡಿದೆ. ಇರಲಿಲ್ಲ. ಹೆದರಿದ ಹೆಂಗಸಿಗೆ ಧೈರ್ಯ ಹೇಳುವವರ ಹಾಗೆ ಮೆತ್ತಗೆ ಮಾತಾಡುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಖಾಲಿ ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿದರು. ಒಂದಷ್ಟು ಕಲ್ಲಿನ ಪುಡಿ ಬಿತ್ತು. ಆಮೇಲೆ ಚೀಲದ ಬಾಯಿ ಅಗಲಿಸಿ ಅಕ್ಕನ ಮುಂದೆ ಹಿಡಿದರು.

"ತಳಾನೂ ನೋಡ್ಕೊ," ಎಂದರು.

ಅಕ್ಕ ಬಗ್ಗಿ ನೋಡಿದಳು. ಆಕೆ ನೋಡುವ ತನಕ ಅವರು ಚೀಲ ಕೆಳಗಿಡಲಿಲ್ಲ.